ಗ್ಯಾಸ್ ಆಫ್ ಮಾಡಿದ್ರಾ?

ಬಸ್ಸು ಬಿಡದಿ ದಾಟಿತ್ತು. ತಟ್ಟೆ ಇಡ್ಲಿಗೆ ನಿಲ್ಲಿಸಲಿಲ್ಲವಲ್ಲ ಎಂಬ ಬೇಜಾರಿನಲ್ಲಿ ನಾನಿದ್ದೆ. ಹೆಂಡತಿ ಕೇಳಿದಳು, "ರೀ, ಗ್ಯಾಸ್ ಆಫ್ ಮಾಡಿದ್ರಾ?"

"ಮಾಡಿದೀನಿ" ಎಂದೆ. ಎಂದ ಮೇಲೆ ಅನುಮಾನ ಶುರುವಾಯಿತು. ಕಣ್ಣು ಮುಚ್ಚಿದರೆ ಕೈಯೊಂದು ರೆಗ್ಯುಲೇಟರ್ ತಿರುಗಿಸುವುದು ಕಾಣುತ್ತದೆ. ಅದು ಇವತ್ತಿನ ಕೈಯೋ, ನಿನ್ನೆಯ ಕೈಯೋ?

ಅವಳು ಆಗಲೇ ತುಂಬಾ ಮುಂದೆ ಹೋಗಿದ್ದಳು. ಹಾಲಿನ ಪಾತ್ರೆ ಸೀದು ಕರ್ರಗಾಗಿ, ಕರ್ಟನ್ ಹೊತ್ತಿಕೊಂಡು, ರಾಮನಗರ ಬರುವಷ್ಟರಲ್ಲಿ ಫೈರ್ ಇಂಜಿನ್ ನಮ್ಮ ಗಲ್ಲಿಯಲ್ಲಿ ತಿರುಗಲಾಗದೆ ನಿಂತಿತ್ತು.

"ಸ್ವಲ್ಪ ಲಾಜಿಕಲ್ ಆಗಿ ಯೋಚಿಸು" ಎಂದುಬಿಟ್ಟೆ. ಈ ಮಾತು ಹೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. 'ಸುಮ್ನೆ ನಾನು ಹೇಳಿದ್ದಕ್ಕೆ ಒಪ್ಕೋ' ಅಂತ ಅದರ ಅರ್ಥ.

ತರ್ಕ ಅಂದರೆ ನನಗೆ ನೆನಪಾಗುವುದು ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೇ ಕಾಲದ ತರ್ಕವಿದ್ಯೆಯ, ಬೆಟ್ಟ. ಬೆಟ್ಟದ ಮೇಲೆ ಬೆಂಕಿಯಿದೆ. ಯಾಕೆ? ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಇಲ್ಲೂ ಅಂಥದೇ ಹೊಗೆ. ಆದ್ದರಿಂದ ಬೆಂಕಿಯಿದೆ. ಒಟ್ಟು ಐದು ಅವಯವ, ಅಂದರೆ ವಾದದ ಐದು ಭಾಗ. ಬೆಟ್ಟ ಹತ್ತಿ ನೋಡಿದವರು ಯಾರೂ ಇಲ್ಲ, ಗಮನಿಸಿ. ಅಷ್ಟೇ ಅಲ್ಲ, ಇಡೀ ವಾದ ನಿಂತಿರುವುದು ಅಡುಗೆಮನೆಯ ಮೇಲೆ. ನನಗಂತೂ ಆ ಪಂಡಿತರು ಜಗಲಿಯಲ್ಲಿ ಹಸಿದು ಕೂತಿದ್ದೇ ಕಣ್ಣಿಗೆ ಕಟ್ಟುತ್ತದೆ. ಒಳಗಿನಿಂದ ಹೊಗೆ ಬರುತ್ತಿದೆ, ಅಂದರೆ ಊಟ ಇನ್ನೂ ಆಗಿಲ್ಲ. ಒಳಗೆ ಹಸಿ ಸೌದೆಗೆ ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳಿಗೆ ಐದು ಅವಯವದಲ್ಲಿ ಒಂದರಲ್ಲೂ ಜಾಗವಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಬೇಕಲ್ವಾ? ಬೆಂಕಿಯೂ ಇಲ್ಲದ, ಹೊಗೆಯೂ ಇಲ್ಲದ ಜಾಗ. ಅದಕ್ಕೆ ಅವರು ಆರಿಸಿದ್ದು ಕೆರೆ! ನೂರಾರು ವರ್ಷ ಪಾಠ ಹೇಳಿದರು, ಯಾರೂ ತಕರಾರು ತೆಗೆಯಲಿಲ್ಲ. ನೀರು ಹೊತ್ತಿಕೊಳ್ಳುತ್ತದೆಯೇ? ಆಮೇಲೆ ನಾವು ಬೆಂಗಳೂರಿನವರು ಬಂದೆವು. ಕೊಳಚೆ ಬಿಟ್ಟೆವು, ಕಸ ಸುರಿದೆವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ಹೊಗೆಯಿದ್ದಲ್ಲಿ ಬೆಂಕಿ ಎಂಬ ನಿಯಮಕ್ಕೆ ಏನೂ ಆಗಲಿಲ್ಲ, ಇನ್ನೂ ಗಟ್ಟಿಯಾಯಿತು. ಕೆಟ್ಟಿದ್ದು ಕೆರೆ ಮಾತ್ರ. ಅಷ್ಟು ಸೂಕ್ಷ್ಮದ ತಾರ್ಕಿಕರಿಗೆ ಇದು ಯಾಕೆ ಹೊಳೆಯಲಿಲ್ಲ ಅಂತ ಕೇಳಬಾರದು. ಇಷ್ಟು ಹೊಲಸು ಜನವನ್ನು ಊಹಿಸಿಕೊಳ್ಳಲು ತರ್ಕ ಕಲಿತರೆ ಸಾಲದು.

ಇದನ್ನೆಲ್ಲ ಹೆಂಡತಿಗೆ ಹೇಳಿದೆ. "ಫೋನ್ ಮಾಡಿ" ಎಂದಳು.

ಪಕ್ಕದ ಮನೆಯವರ ಹತ್ತಿರ ನಮ್ಮದೊಂದು ಕೀ ಇರುತ್ತದೆ. ಪಾಪ, ಹೋಗಿ ನೋಡಿ ಅವರೇ ಫೋನ್ ಮಾಡಿದರು. "ಈಗ ಆಫ್ ಇದೆ ಸಾರ್." ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಇಟ್ಟೇಬಿಟ್ಟರು.

"ಈಗ ಅಂದ್ರೆ?" ಎಂದಳು ಹೆಂಡತಿ.

ಮದ್ದೂರು ದಾಟಿದರೂ ಅದೇ ಚರ್ಚೆ ನಡೆದಿತ್ತು.