ಪಾಲಿಸಿ ಇದೆ ಸರಿ, ಡಾಕ್ಟರ್ ಹತ್ರ ಹೋಗೋ ದಾರಿ ಯಾರು ಹೇಳ್ತಾರೆ?

ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಪಕ್ಕದ್ಮನೆ ಆಂಟಿಗೆ ಮಂಡಿ ಆಪರೇಷನ್ ಆಗ್ಬೇಕು. ಪಾಲಿಸಿ ಎಷ್ಟೋ ವರ್ಷದ್ದು, ಪ್ರೀಮಿಯಂ ಒಂದು ಸಲಾನೂ ತಪ್ಪಿಸಿಲ್ಲ, ಮಂಡಿ ಆಪರೇಷನ್‌ಗೆ ಇರೋ ವೇಟಿಂಗ್ ಪೀರಿಯಡ್, ಅಂದ್ರೆ ಪಾಲಿಸಿ ತಗೊಂಡ್ಮೇಲೆ ಕ್ಲೇಮ್ ಮಾಡೋಕೆ ಕಾಯ್ಬೇಕಾದ ಅವಧಿ, ಕೂಡ ಯಾವತ್ತೋ ಮುಗಿದಿದೆ. ಅವರು ನಂಬಿರೋ ಮೂಳೆ ಡಾಕ್ಟರು ಅಡ್ಮಿಟ್ ಆಗಿ ಅಂತ ಚೀಟಿ ಬರ್ಕೊಟ್ಟ ಆಸ್ಪತ್ರೆಗೆ ಹೋದ್ರೆ ಇನ್ಶೂರೆನ್ಸ್ ಡೆಸ್ಕಲ್ಲಿದ್ದ ಹುಡುಗ ಕಾರ್ಡ್ ನೋಡಿ, "ನಿಮ್ಮ ಕಂಪನಿ ನೆಟ್‌ವರ್ಕಲ್ಲಿ ನಾವಿಲ್ಲ ಅಮ್ಮ, ಈಗ ಅಡ್ವಾನ್ಸ್ ಕಟ್ಟಿ, ಆಮೇಲೆ ಬಿಲ್ ಹಾಕಿ ಕ್ಲೇಮ್ ಮಾಡ್ಕೊಳ್ಳಿ" ಅಂದ. ಆಂಟಿ ಮುಖ ನೋಡೋಕಾಗ್ಲಿಲ್ಲ. "ಏಜೆಂಟ್ ಎಲ್ಲಾ ಕಡೆ ನಡೆಯುತ್ತೆ ಅಂದಿದ್ರಲ್ಲಪ್ಪ" ಅಂತ ನನ್ನೇ ಕೇಳ್ತಿದ್ರು.

ನನಗೆ ಉರಿಯೋದು ಇಲ್ಲೇ. ಪಾಲಿಸಿ ಮಾರುವಾಗ ಐದು ಲಕ್ಷ, ಹತ್ತು ಲಕ್ಷ ಅಂತ ಲಕ್ಷದ ಲೆಕ್ಕ ಮಾತ್ರ ಹೇಳ್ತಾರೆ. ಆ ದುಡ್ಡು ಯಾವ ಬಾಗಿಲಿಂದ ಸಿಗುತ್ತೆ ಅಂತ ಒಬ್ಬರೂ ಬಾಯಿ ಬಿಡಲ್ಲ. ನಮ್ಮಲ್ಲಿ ನೆಟ್‌ವರ್ಕ್ ಅಂದ್ರೆ ಸಾಮಾನ್ಯವಾಗಿ ಆಸ್ಪತ್ರೆ ಮತ್ತು ಕಂಪನಿ ನಡುವಿನ ಒಪ್ಪಂದ. ಡಾಕ್ಟರ್ ಎಷ್ಟೇ ಒಳ್ಳೆಯವರಾಗಿರ್ಲಿ, ಅವರು ಆಪರೇಷನ್ ಮಾಡೋ ಆಸ್ಪತ್ರೆ ಲಿಸ್ಟಲ್ಲಿಲ್ಲ ಅಂದ್ರೆ ಕ್ಯಾಶ್‌ಲೆಸ್, ಅಂದ್ರೆ ಬಿಲ್ಲನ್ನ ಕಂಪನಿನೇ ನೇರ ಆಸ್ಪತ್ರೆಗೆ ಕಟ್ಟೋದು, ಕಷ್ಟ. ಆದ್ರೆ ಬೆಂಗಳೂರಲ್ಲಿ ಎಷ್ಟೋ ಸರ್ಜನ್‌ಗಳು ಎರಡು ಮೂರು ಆಸ್ಪತ್ರೆಗೆ ವಿಸಿಟಿಂಗ್ ಹೋಗ್ತಾರೆ. ಇವತ್ತು ನಾನು ಮಾಡಿದ್ದೂ ಅಷ್ಟೆ, ಡಾಕ್ಟರಿಗೆ ಫೋನ್ ಹಚ್ಚಿ "ಸಾರ್, ನೀವು ಇನ್ನೆಲ್ಲಿ ಆಪರೇಷನ್ ಮಾಡ್ತೀರಿ?" ಅಂತ ಕೇಳ್ದೆ. ಇನ್ನೊಂದು ಆಸ್ಪತ್ರೆ ಹೆಸರು ಹೇಳಿದ್ರು, ಅದು ಆಂಟಿ ಲಿಸ್ಟಲ್ಲಿ ಇತ್ತು! ಅದೇ ಡಾಕ್ಟರು, ಅದೇ ಆಪರೇಷನ್, ಅಡ್ವಾನ್ಸ್‌ಗೆ ಒಡವೆ ಅಡ ಇಡೋ ಮಾತು ನಿಂತ್ಹೋಯ್ತು. ಈ ಒಂದು ಪ್ರಶ್ನೆ ಕೇಳಿ ಅಂತ ಇಷ್ಟು ವರ್ಷದಲ್ಲಿ ಯಾರೂ ಆ ಹೆಂಗಸಿಗೆ ಹೇಳಿಲ್ವಲ್ಲ.

"ಎಲ್ಲಾ ಪಾಲಿಸಿ ಪೇಪರಲ್ಲೇ ಇರುತ್ತೆ, ಓದ್ಕೋಬೇಕು" ಅಂತಾರೆ ಕೆಲವರು. ಪುಟಗಟ್ಟಲೆ ಇಂಗ್ಲಿಷು, ಸಣ್ಣ ಅಕ್ಷರ, ಅರವತ್ತು ದಾಟಿದವರು ಓದ್ಬೇಕಾ? ಓದಿದ್ರೂ ಆಸ್ಪತ್ರೆ ಲಿಸ್ಟ್ ಬದಲಾಗ್ತಾ ಇರುತ್ತೆ, ಹೋದ ವರ್ಷ ಇದ್ದದ್ದು ಈ ವರ್ಷ ಇರಲ್ಲ. ಅದರ ಜೊತೆಗೆ ಕಂಪನಿಗಳು ಇಟ್ಕೊಂಡಿರೋ ಇನ್ನೊಂದು ಲಿಸ್ಟ್ ಇದೆ, ಹೊರಗಿಟ್ಟ ಆಸ್ಪತ್ರೆಗಳದ್ದು. ಎಮರ್ಜೆನ್ಸಿ ಬಿಟ್ಟು ಅಲ್ಲಿಗೆ ಹೋದ್ರೆ ಕೈಯಿಂದ ಕಟ್ಟಿದ ದುಡ್ಡೂ ವಾಪಸ್ ಬರಲ್ಲ. ಇದನ್ನ ಗಟ್ಟಿಯಾಗಿ ಹೇಳ್ಬೇಕಾದವರು ಮಾರಿದವರು.

ರೂಲ್ಸ್ ಸುಧಾರಿಸಿದೆ ಅಂತಾನೂ ಹೇಳ್ತಾರೆ. ಒಪ್ತೀನಿ. 2024ರ ಮೇನಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ರಿಕ್ವೆಸ್ಟ್‌ಗೆ 1 ಗಂಟೆಯಲ್ಲಿ ಉತ್ತರ ಕೊಡ್ಬೇಕು, ಡಿಸ್ಚಾರ್ಜ್ ಅನುಮತಿಗೆ 3 ಗಂಟೆ, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಬಿಲ್ ಮಾಡಿದ್ರೆ ಅದನ್ನ ಕಂಪನಿನೇ ಹೊರಬೇಕು. ಅದೇ ವರ್ಷದ ಜನವರಿಯಲ್ಲಿ ಇನ್ಶೂರೆನ್ಸ್ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 'ಕ್ಯಾಶ್‌ಲೆಸ್ ಎವ್ರಿವೇರ್' ಅಂತ ತಂತು, ನೆಟ್‌ವರ್ಕಲ್ಲಿ ಇಲ್ಲದ ಆಸ್ಪತ್ರೆಲೂ ಕೇಳಬಹುದು, ಮೊದಲೇ ಗೊತ್ತಿರೋ ಆಪರೇಷನ್ ಆದ್ರೆ 48 ಗಂಟೆ ಮುಂಚೆ, ಎಮರ್ಜೆನ್ಸಿ ಆದ್ರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸ್ಬೇಕು, ಆಸ್ಪತ್ರೆನೂ ಒಪ್ಪಬೇಕು. ಒಳ್ಳೇದೇ. ಆದ್ರೆ 48 ಗಂಟೆ ಮುಂಚೆ ಹೇಳ್ಬೇಕು ಅನ್ನೋದು ಆಂಟಿಗೆ ಗೊತ್ತಾಗೋದು ಹೇಗೆ? ಡೆಸ್ಕ್ ಮುಂದೆ ನಿಂತಾಗ ಗೊತ್ತಾದ್ರೆ ಏನುಪಯೋಗ?

ಬಿಪಿಎಲ್ ಕಾರ್ಡ್ ಇರೋರ ಪಾಡೂ ಇದೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಎಲ್ಲರಿಗೂ ಗೊತ್ತು. ಎಮರ್ಜೆನ್ಸಿ ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದಾಗ ರೆಫರಲ್ ತಗೊಂಡು ಖಾಸಗಿಗೆ ಹೋಗ್ಬೇಕು ಅನ್ನೋದು ಗೊತ್ತಿಲ್ಲ. ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ ಗಂಡನ್ನ ಕರ್ಕೊಂಡು ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಳ್ತಾ ವಾಪಸ್ ಬಂದಿದ್ರು. ಈ ಯೋಜನೆಯಲ್ಲಿ ರೋಗಿಗಳಿಗೆ ದಾರಿ ತೋರ್ಸೋಕೆ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರ್ತಾರೆ, ಅವರನ್ನ ಹುಡುಕಿ ಅಂತ ಗೇಟಲ್ಲಿ ಯಾರಾದ್ರೂ ಹೇಳಿದ್ರೆ ಸಾಕಿತ್ತು.

ನಮ್ಮಪ್ಪ ಆಸ್ಪತ್ರೆಲಿದ್ದಾಗ ನಾನೂ ಇದನ್ನೆಲ್ಲ ಅನುಭವಿಸಿದೀನಿ. ಆವತ್ತಿಂದ ಬಿಲ್ಲಿಂಗ್ ಕೌಂಟರ್ ಮುಂದೆ ಫೈಲ್ ಹಿಡ್ಕೊಂಡು ನಿಂತೋರನ್ನ ನೋಡಿದ್ರೆ ಈಗಲೂ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದಂಗಾಗುತ್ತೆ. ಒಳಗಿರೋ ಮನುಷ್ಯನ ಬಗ್ಗೆ ಯೋಚ್ನೆ ಮಾಡ್ಬೇಕಾದ ಹೊತ್ತಲ್ಲಿ ಪಾಲಿಸಿ ಕೊಡೋ ರೂಮ್ ರೆಂಟ್ ಲಿಮಿಟ್ ಎಷ್ಟು, ಅದು ಮೀರಿದ್ರೆ ಕಂಪನಿ ಡಾಕ್ಟರ್ ಫೀಸಲ್ಲೂ ಎಷ್ಟು ಕಟ್ ಮಾಡುತ್ತೆ ಅಂತ ಲೆಕ್ಕ ಹಾಕೋ ಗತಿ ಯಾರಿಗೂ ಬರಬಾರ್ದು.

ನನ್ನ ಪಾಲಿಸಿ ರಿನ್ಯೂವಲ್ ಹತ್ರ ಬಂದಿದೆ. ಏಜೆಂಟ್‌ಗೆ ಈಗ್ಲೇ ಹೇಳಿದೀನಿ: ನಮ್ಮನೆ ಸುತ್ತ ಯಾವ್ಯಾವ ಆಸ್ಪತ್ರೆ ನೆಟ್‌ವರ್ಕಲ್ಲಿವೆ, ಅಮ್ಮ ತೋರಿಸ್ಕೊಳ್ಳೋ ಹಾರ್ಟ್ ಡಾಕ್ಟರು ಅದರಲ್ಲಿ ಎಲ್ಲಿ ಸಿಗ್ತಾರೆ, ರೂಮ್ ರೆಂಟ್ ಎಷ್ಟರವರೆಗೆ, ಇಷ್ಟನ್ನ ಕನ್ನಡದಲ್ಲಿ ಬರ್ದು ಕಳ್ಸಿ, ಅದು ಬಂದ್ಮೇಲೇನೇ ದುಡ್ಡು ಕಟ್ಟೋದು. ನೀವೂ ಕೇಳಿ, ಮನೆಲಿ ವಯಸ್ಸಾದವರಿದ್ರೆ ಇವತ್ತೇ ಕೇಳಿ.