ಎಲ್‌ಇಡಿಗೆ ಫ್ಯೂಸ್ ಬೇಡ ಎಂಬ ಸಂದೇಶ: ಸ್ಪಷ್ಟನೆ

"ಎಲ್‌ಇಡಿ ಕರೆಂಟ್ ಎಳೆಯೋದೇ ಇಲ್ಲ, ಫ್ಯೂಸು, ರಿಲೇ ಏನೂ ಬೇಡ, ಹೆಡ್‌ಲೈಟ್ ವೈರಿಗೇ ಸುತ್ತಿಬಿಡಿ" ಎಂದು, ಬೈಕಿಗೆ ಹೆಚ್ಚುವರಿಯಾಗಿ ಹಾಕಿಸುವ ಎಲ್‌ಇಡಿ ದೀಪಗಳ ಬಗ್ಗೆ ಒಂದು ಸಂದೇಶ ದಾವಣಗೆರೆಯ ಬೈಕ್ ಸವಾರರಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯ ಕೂಡ.

ತಲಾ 20 ವ್ಯಾಟಿನ ಎರಡು ಎಲ್‌ಇಡಿ ದೀಪ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಎಳೆಯುತ್ತವೆ. ಹೆಡ್‌ಲೈಟಿನ ಹೊರೆಗೆ ಇದೂ ಸೇರಿದರೆ ಸ್ವಿಚ್ಚು ಬಿಸಿಯಾಗುತ್ತದೆ. ಅದಕ್ಕಿಂತ ದೊಡ್ಡ ಮಾತು: ಫ್ಯೂಸ್ ಇರುವುದು ದೀಪ ಕಾಯಲು ಅಲ್ಲ, ವೈರ್ ಕಾಯಲು. ಹ್ಯಾಂಡಲ್ ತಿರುಗಿ ತಿರುಗಿ ವೈರಿನ ಸಿಪ್ಪೆ ಸವೆದು ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ, ತಾಗಿತೆನ್ನಿ. ದೀಪ ಎಷ್ಟೇ ಚಿಕ್ಕದಿರಲಿ, ಫ್ಯೂಸ್ ಇಲ್ಲದಿದ್ದರೆ ಬ್ಯಾಟರಿಯ ಕರೆಂಟೆಲ್ಲ ಆ ತೆಳು ತಂತಿಯಲ್ಲೇ ನುಗ್ಗುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ!

ಸರಿಯಾದ ಕ್ರಮ ಹೀಗೆ: ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು). ರಿಲೇಯನ್ನು ಆನ್ ಮಾಡುವ ಕಾಯಿಲ್‌ಗೆ ಕೀ ಆನ್ ಇದ್ದಾಗ ಮಾತ್ರ ಬರುವ ಲೈನ್ ಕೊಡಿ. ಈಗಾಗಲೇ ಹಾಕಿಸಿಕೊಂಡಿದ್ದರೆ ಫ್ಯೂಸ್, ರಿಲೇ ಇವೆಯೇ ಎಂದು ಸೀಟು ಎತ್ತಿ ಒಮ್ಮೆ ನೋಡಿ.