ಕಾರ್ಸ್ ಎರರ್ ಬಂದಾಗ ಬ್ರೌಸರ್‌ಗೆ ಬೈಯಬೇಡಿ

ವೆಬ್ ಡೆವಲಪ್‌ಮೆಂಟ್ ಕಲಿಯುವವರ ದೂರುಗಳಲ್ಲಿ ಇದು ಖಾಯಂ: "ಪೋಸ್ಟ್‌ಮನ್‌ನಲ್ಲಿ ಸರಿಯಾಗೇ ಬರ್ತಿದೆ, ಕ್ರೋಮ್‌ನಲ್ಲಿ ಮಾತ್ರ ಕಾರ್ಸ್ ಎರರ್!"

ಅದು ಹಾಗೇ ಇರಬೇಕು. ಕಾರ್ಸ್ (CORS) ಅಂದರೆ ಒಂದು ಸೈಟಿನ ಪುಟ ಬೇರೆ ಸೈಟಿನ ಸರ್ವರ್ ಕೊಟ್ಟ ಉತ್ತರ ಓದಲು ಅನುಮತಿ ಕೊಡುವ ವ್ಯವಸ್ಥೆ. ಪೋಸ್ಟ್‌ಮನ್ ಬರೀ ಎಪಿಐ (ಪ್ರೋಗ್ರಾಂಗಳು ಸರ್ವರ್ ಜೊತೆ ಮಾತಾಡುವ ದಾರಿ) ಪರೀಕ್ಷಿಸುವ ಆ್ಯಪ್, ಅದಕ್ಕೆ ಈ ತಡೆ ಇಲ್ಲ. ತಡೆಯುತ್ತಿರುವುದು ಸರ್ವರ್ ಅಲ್ಲ, ಬ್ರೌಸರ್. ನಿಮ್ಮ ಬ್ರೌಸರ್‌ನ ಒಂದು ಟ್ಯಾಬ್‌ನಲ್ಲಿ ಬ್ಯಾಂಕ್ ಲಾಗಿನ್ ಆಗಿರುತ್ತದೆ, ಪಕ್ಕದ ಟ್ಯಾಬ್‌ನಲ್ಲಿ ಯಾವುದೋ ಗುರುತಿಲ್ಲದ ಸೈಟ್. ಆ ಸೈಟಿನ ಸ್ಕ್ರಿಪ್ಟ್ ನಿಮ್ಮ ಕುಕೀ ಬಳಸಿ ಖಾತೆಯ ವಿವರ ಓದಿಬಿಟ್ಟರೆ? ಅದಕ್ಕೇ ಈ ಕಾವಲು, ಹೆಸರು ಸೇಮ್-ಒರಿಜಿನ್ ಪಾಲಿಸಿ. ನೆಟ್‌ಸ್ಕೇಪ್ ಕಾಲದಿಂದಲೂ ಇದೆ. ಕಾರ್ಸ್ ಬಂದದ್ದು ಆ ಕಾವಲನ್ನು ಸಡಿಲಿಸೋಕೆ, ಬಿಗಿ ಮಾಡೋಕಲ್ಲ. ಇದನ್ನು ಜಾಸ್ತಿ ಜನ ಉಲ್ಟಾ ತಿಳಿದಿದ್ದಾರೆ. ಯಾವ ಸೈಟ್ ಓದಬಹುದೆಂದು ಸರ್ವರ್ ತನ್ನ ಉತ್ತರದ ಜೊತೆ 'ಅಲೋ-ಒರಿಜಿನ್' ಎಂಬ ಹೆಡರ್‌ನಲ್ಲಿ (ಉತ್ತರದ ಮೇಲಿನ ಚೀಟಿ ಇದ್ದ ಹಾಗೆ) ಬರೆದರೆ ಬ್ರೌಸರ್ ಬಿಡುತ್ತದೆ.

ಸ್ಕೀಮ್ (http ಅಥವಾ https), ಹೋಸ್ಟ್ (ಸೈಟಿನ ಹೆಸರು), ಪೋರ್ಟ್ (ಅದರ ಬಾಗಿಲ ಸಂಖ್ಯೆ) ಮೂರೂ ಒಂದೇ ಆಗಿದ್ದರೆ ಮಾತ್ರ ಒಂದೇ ಒರಿಜಿನ್ (ಮೂಲ). ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) 3000ರಲ್ಲಿ ರಿಯಾಕ್ಟ್‌ನಲ್ಲಿ ಬರೆದ ಪುಟ, 8000ರಲ್ಲಿ ಎಪಿಐ ಇದ್ದರೆ ಅವೆರಡೂ ಬೇರೆ ಬೇರೆ.

ಎರರ್ ಬಂದ ಕೂಡಲೇ ಗೂಗಲ್‌ಗೆ ಓಡಬೇಡಿ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆಗೆಯಿರಿ. ನೀವು ಬೇರೆ ಒರಿಜಿನ್‌ಗೆ ಜೇಸನ್ (JSON ರೂಪದ ಡೇಟಾ) ಪೋಸ್ಟ್ ಮಾಡಿದರೆ ಅದಕ್ಕೂ ಮೊದಲು ಬ್ರೌಸರ್ ಒಂದು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ಅದರಲ್ಲಿ ನಿಮ್ಮ ಟೋಕನ್ (ಲಾಗಿನ್ ಆದ ಗುರುತು) ಇರುವುದಿಲ್ಲ. ಸರ್ವರ್‌ನ ಲಾಗಿನ್ ಪರೀಕ್ಷೆ ಅದಕ್ಕೂ ಟೋಕನ್ ಕೇಳಿ 401 (ಲಾಗಿನ್ ಇಲ್ಲ) ಕೊಟ್ಟರೆ ಕಥೆ ಮುಗಿಯಿತು. ಕಾರ್ಸ್ ಮಿಡಲ್‌ವೇರ್ (ಆ ಅನುಮತಿಗೆ ಉತ್ತರ ಕೊಡುವ ಸರ್ವರ್ ಕೋಡ್) ಅನ್ನು ಲಾಗಿನ್ ಪರೀಕ್ಷೆಗಿಂತ ಮೊದಲು ಇಡಿ, ಅಷ್ಟೇ.

ಇನ್ನೊಂದು ಮೋಸ ಎಂಜಿನ್‌ಎಕ್ಸ್‌ನದು (nginx, ಆ್ಯಪ್‌ನ ಮುಂದೆ ನಿಲ್ಲುವ ವೆಬ್ ಸರ್ವರ್). ಅಲ್ಲಿ ಆಡ್ ಹೆಡರ್ ಸಾಲಿಗೆ 'ಆಲ್ವೇಸ್' ಸೇರಿಸದಿದ್ದರೆ 500 (ಸರ್ವರ್ ಒಳಗಿನ ಎರರ್) ಬಂದಾಗ ಆ ಹೆಡರ್ ಹೋಗುವುದೇ ಇಲ್ಲ. ಬಿದ್ದಿರುವುದು ನಿಮ್ಮ ಡೇಟಾಬೇಸ್, ಬ್ರೌಸರ್ ಕೂಗುವುದು ಮಾತ್ರ ಕಾರ್ಸ್ ಅಂತ! ಎಂಜಿನ್‌ಎಕ್ಸ್ ಒಂದು, ಆ್ಯಪ್ ಒಂದು ಅಂತ ಎರಡೆರಡು ಹೆಡರ್ ಹಾಕಿದರೂ ಎರರೇ.

ಸಿಕ್ಕಸಿಕ್ಕ ಸಲಹೆಗಳ ಬಗ್ಗೆ ನನಗೆ ಸಿಟ್ಟಿದೆ. ಕ್ರೋಮ್‌ನ ಸೆಕ್ಯೂರಿಟಿಯನ್ನೇ ಆಫ್ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಫೆಚ್‌ನಲ್ಲಿ (ಸ್ಕ್ರಿಪ್ಟ್‌ನಿಂದ ರಿಕ್ವೆಸ್ಟ್ ಕಳಿಸುವ ಫಂಕ್ಷನ್) 'ನೋ-ಕಾರ್ಸ್' ಹಾಕಿದರೆ ಎರರ್ ಹೋಗುತ್ತದೆ, ಆದರೆ ಉತ್ತರ ಓದಲು ಬರುವುದಿಲ್ಲ. ಮತ್ತೇನು ಪ್ರಯೋಜನ? ಅಲೋ-ಒರಿಜಿನ್‌ಗೆ ನಕ್ಷತ್ರ (*, ಅಂದರೆ ಯಾರಾದರೂ ಸರಿ) ಕೊಡುವುದು ಎಲ್ಲರಿಗೂ ತೆರೆದ ಡೇಟಾಗೆ ಸರಿ, ಕುಕೀ ಜೊತೆ ನಡೆಯುವುದಿಲ್ಲ. ಅದಕ್ಕೆಂದು ಯಾರು ಬಂದರೂ ಅವರ ಒರಿಜಿನ್ ಅನ್ನೇ ವಾಪಸ್ ಬರೆದು, ಕ್ರೆಡೆನ್ಶಿಯಲ್ಸ್‌ಗೂ (ಕುಕೀ ಜೊತೆ ಬರಲು ಅನುಮತಿ) ಟ್ರೂ ಅನ್ನುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯ. ಕೆಲಸ ಮಾಡುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮಗೆ ಬೇಕಾದ ನಾಲ್ಕು ವಿಳಾಸಗಳ ಪಟ್ಟಿ ಇಟ್ಟುಕೊಂಡು ಅವಕ್ಕೆ ಮಾತ್ರ ಹೂಂ ಅನ್ನಿ. ಕೊನೆಯಲ್ಲಿ ಸ್ಲ್ಯಾಶ್ ಬೇಡ, ಅದೊಂದಿದ್ದರೂ ಹೊಂದುವುದಿಲ್ಲ.

ಹಾಗಂತ ಕಾರ್ಸ್ ನಿಮ್ಮ ಎಪಿಐಗೆ ಬೀಗ ಅಲ್ಲ. ಸಾದಾ ಫಾರ್ಮ್ ಪೋಸ್ಟ್ ಸರ್ವರ್ ತಲುಪಿಯೇ ತಲುಪುತ್ತದೆ, ಬ್ರೌಸರ್ ಮುಚ್ಚಿಡುವುದು ಉತ್ತರವನ್ನು ಮಾತ್ರ. ಲಾಗಿನ್ ಪರೀಕ್ಷೆ, ಸಿಎಸ್‌ಆರ್‌ಎಫ್ (ನಿಮ್ಮ ಕುಕೀ ಬಳಸಿ ಬೇರೆ ಸೈಟ್ ನಿಮ್ಮ ಹೆಸರಲ್ಲಿ ರಿಕ್ವೆಸ್ಟ್ ಕಳಿಸುವುದು) ತಡೆ ನಿಮ್ಮದೇ ಜವಾಬ್ದಾರಿ.

ಲೋಕಲ್‌ನಲ್ಲಿ ಕೆಲಸ ಮಾಡುವಾಗ ವೀಟ್‌ನ (Vite, ಪುಟಗಳನ್ನು ಕಟ್ಟಿ ಓಡಿಸುವ ಟೂಲ್) ಪ್ರಾಕ್ಸಿ, ಅಂದರೆ ರಿಕ್ವೆಸ್ಟನ್ನು ಎಪಿಐಗೆ ದಾಟಿಸುವ ಮಧ್ಯವರ್ತಿ, ಸಾಕು. ಎಪಿಐ ಬೇರೆಯವರದಾಗಿದ್ದು ಅವರು ಹೆಡರ್ ಕೊಡದಿದ್ದರೆ, ನಿಮ್ಮದೇ ಸರ್ವರ್‌ನಿಂದ ಅದನ್ನು ಕಾಲ್ ಮಾಡಿ. ಎಪಿಐ ಕೀ ಬ್ರೌಸರ್‌ನಲ್ಲಿ ಬಯಲಾಗುವುದೂ ತಪ್ಪುತ್ತದೆ.